ಅಗಿಯದ ಮುದ್ದೆ, ಚುಚ್ಚಿದ ಮೂಟೆ

ನಮ್ಮ ಮಧುಗಿರಿ ಸೀಮೆಯಲ್ಲಿ ರಾಗಿಮುದ್ದೆಯನ್ನು ಅಗಿದು ತಿನ್ನುವವನು ಒಂದೋ ಹೊರಗಿನಿಂದ ಬಂದ ಹೊಸ ಅಳಿಯ, ಇಲ್ಲವೇ ವರ್ಗವಾಗಿ ಬಂದ ಅಧಿಕಾರಿ. ಉಳಿದವರೆಲ್ಲ ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುವ ಪೈಕಿ. ಹಲ್ಲಿಗೂ ಮುದ್ದೆಗೂ ಮುಖಪರಿಚಯವೇ ಇಲ್ಲ. ಈ ಸನಾತನ ಸತ್ಯವನ್ನು ನೆಚ್ಚಿಕೊಂಡೇ ನಾನು ತುಮಕೂರಿನ ಆಸ್ಪತ್ರೆಯೊಂದರಲ್ಲಿ ಮರ್ಯಾದೆ ಕಳೆದುಕೊಂಡೆ.

ಕರುಳಿನೊಳಗೆ ಕ್ಯಾಮೆರಾ ಕೊಳವೆ ಇಳಿಸುವ ಪರೀಕ್ಷೆ ಅದು. ಹಿಂದಿನ ದಿನ ನೀರಿನಂಥದ್ದು ಮಾತ್ರ, ಅಗಿಯುವಂಥದ್ದೇನೂ ಬೇಡವೆಂದು ಹೇಳಿ ಕಳಿಸಿದ್ದರು. ಮುದ್ದೆಯನ್ನು ಯಾರು ಅಗಿಯುತ್ತಾರೆ? ಹೆಂಡತಿ ಗೌರಮ್ಮ ಪಕ್ಕದ ಮನೆಗೆ ಹೋದ ಹೊತ್ತು ನೋಡಿ, ಎರಡು ಮುದ್ದೆಯನ್ನು ಬಸ್ಸಾರಿನಲ್ಲಿ ಅದ್ದಿ ನಿಶ್ಚಿಂತೆಯಿಂದ ನುಂಗಿದೆ. ಮರುದಿನ ನಿಜ ಹೊರಬಿದ್ದಾಗ ಗೌರಮ್ಮ ಹಣೆ ಚಚ್ಚಿಕೊಂಡು, "ನಾನಿಲ್ದಾಗ ನುಂಗ್ಬುಟ್ಟವ್ರೆ ಕಣಮ್ಮ, ಇವ್ರಿಗೆ ಹೆಂಗ್ ಬುದ್ಧಿ ಯೋಳದು?" ಎಂದು ಡಾಕ್ಟರಮ್ಮನ ಮುಂದೆ ದೂರಿತ್ತಳು. ಆ ತಾಯಿ ನಗುತ್ತಲೇ, "ನೀವು ಅಗಿದಿಲ್ಲ ಅಂತ ಕರುಳಿಗೆ ಹೇಗೆ ಗೊತ್ತಾಗಬೇಕು ಯಜಮಾನ್ರೇ?" ಎಂದು ಪರೀಕ್ಷೆಯನ್ನು ಮೂರು ದಿನ ಮುಂದೂಡಿದರು.

ನಗುವ ಕಾಲವೇನೂ ಆಗಿರಲಿಲ್ಲ. ಒಂದು ವರ್ಷದಿಂದ ನನಗೆ ಭೇದಿಯ ಜೊತೆ ರಕ್ತ ಹೋಗುತ್ತಿತ್ತು. ಮೂಲವ್ಯಾಧಿಯೆಂದು ನಾನೇ ತೀರ್ಪು ಕೊಟ್ಟು, ನಾನೇ ಮೂಲಂಗಿ ಪಲ್ಯದ ಚಿಕಿತ್ಸೆ ನಡೆಸಿದ್ದೆ. ಅಂಗಿಗಳು ಜೋಲತೊಡಗಿದ ಮೇಲೆ ಗುಟ್ಟು ಗೌರಮ್ಮನಿಗೆ ತಿಳಿದು, ಆಸ್ಪತ್ರೆಗೆ ಎಳೆತಂದಿದ್ದಳು. ನನ್ನಣ್ಣ ಹೋದದ್ದು ಕರುಳಿನ ಕ್ಯಾನ್ಸರಿನಲ್ಲಿ. ಅಂದಿನಿಂದ ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನಗೂ ಅದೇ ಇರಬಹುದೆಂಬ ಹೆದರಿಕೆ ಗಂಡಹೆಂಡಿರಿಬ್ಬರಲ್ಲೂ ಇತ್ತು.

ಎರಡನೆಯ ಸಲ ಉಪವಾಸವಿದ್ದು ಮಲಗಿದೆ. ಅರೆಮಂಪರಿನಲ್ಲಿ ಪರದೆಯ ಮೇಲೆ ನನ್ನದೇ ಅಂತರಂಗದ ದರ್ಶನ. ಡಾಕ್ಟರಮ್ಮ ಕೆಂಪಗೆ ಊದಿದ ಕಡೆಗಳಿಂದ ಸಾಸಿವೆಯಷ್ಟು ಚೂರುಗಳನ್ನು ಕಿತ್ತರು. ನೋವೇನೂ ಆಗಲಿಲ್ಲ. ಆಮೇಲೆ ನುಣ್ಣಗೆ, ನಿರ್ದೋಷಿಯಂತೆ ಹೊಳೆಯುತ್ತಿದ್ದ ಜಾಗಕ್ಕೂ ಇಕ್ಕಳ ಹಾಕಿದರು. ನನಗೆ ತಡೆಯಲಾಗಲಿಲ್ಲ: "ಅಲ್ಲಿ ಚೆನ್ನಾಗೈತಲ್ಲಮ್ಮ, ಒಂದ್ ಕಡೆ ಸಾಲ್ದಾ?"

ಮಾತು ಬಾಯಿಂದ ಹೊರಬಿದ್ದ ಮೇಲೆ, ಇದನ್ನೆಲ್ಲೋ ಕೇಳಿದ್ದೇನಲ್ಲ ಎನ್ನಿಸಿತು. ನಾನು ಮೂವತ್ತು ವರ್ಷ ಕಡಲೆಕಾಯಿ ಮಂಡಿ ನಡೆಸಿದವನು. ಪಾವಗಡದ ಕಡೆಯ ರಾಯಚರ್ಲಿನ ರೈತನೊಬ್ಬ ಪ್ರತಿ ಸುಗ್ಗಿಯಲ್ಲೂ ಮೂಟೆ ಇಳಿಸಿ, ನಾನು ಚೂಪು ಕೊಳವೆಯನ್ನು ಮೇಲೆ, ನಡುವೆ, ತಳದಲ್ಲಿ ಚುಚ್ಚಿ ಕಾಯಿ ತೆಗೆಯುವಾಗ, "ಒಂದ್ ಕಡೆ ಸಾಲ್ದಾ ಸಾಮಿ, ಮೂಟೆಗೆ ನೋವಾಯ್ತದೆ" ಎನ್ನುತ್ತಿದ್ದ. ನಾನು ಗಂಭೀರವಾಗಿ, ಮೇಲಿನ ಕಾಯಿಯನ್ನು ನಂಬಿದವನು ಮಂಡಿ ಮುಚ್ಚಬೇಕಾಗುತ್ತದೆಂದು ಉಪದೇಶಿಸುತ್ತಿದ್ದೆ. ಬೇರೆಯವರ ಮೂಟೆಗೆ ಮೂರು ಕಡೆ ಚುಚ್ಚಿದ ಈ ಮಹಾಶಯ ತನ್ನ ಹೊಟ್ಟೆಯ ವಿಷಯದಲ್ಲಿ ಒಂದೇ ಲಕ್ಷಣ ನೋಡಿ ವ್ಯವಹಾರ ಮುಗಿಸಿದ್ದ!

ಡಾಕ್ಟರಮ್ಮ ಒಂದೊಂದು ಜಾಗದ ಚೂರನ್ನೂ ಬೇರೆ ಬೇರೆ ಶೀಶೆಗೆ ಹಾಕಿಸುತ್ತಾ, ಹುಣ್ಣು ಮಾತ್ರ ಕಣ್ಣಿಗೆ ಕಾಣುತ್ತದೆ, ಅದು ಕ್ಷಯವೋ, ಉರಿಯೂತವೋ, ಇನ್ನೊಂದೋ ಎಂದು ತಿಳಿಯಲು ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಚೆನ್ನಾಗಿ ಕಂಡ ಜಾಗದ ಒಳಗೂ ಊತ ಅಡಗಿರಬಹುದು ಎಂದರು. ಆ 'ಇನ್ನೊಂದ'ರ ಹೆಸರನ್ನು ಅವರೂ ಹೇಳಲಿಲ್ಲ. ವರದಿಗೆ ಒಂದು ವಾರ. ಆ ವಾರ ಗೌರಮ್ಮ ನನ್ನನ್ನು ಒಮ್ಮೆಯೂ ಬೈಯಲಿಲ್ಲ; ನನ್ನ ಪರಿಸ್ಥಿತಿ ಎಷ್ಟು ವಿಷಮವೆಂದು ಅದರಿಂದಲೇ ಅರ್ಥವಾಯಿತು.

ವರದಿ ಬಂತು. ಕ್ಯಾನ್ಸರ್ ಅಲ್ಲ, ಕ್ಷಯವೂ ಅಲ್ಲ, ದೊಡ್ಡ ಕರುಳಿನ ದೀರ್ಘಕಾಲದ ಉರಿಯೂತ. ಬಹುಕಾಲ ಮಾತ್ರೆ ನುಂಗಬೇಕು. ನುಂಗುವುದರಲ್ಲಿ ನನ್ನ ಪಾಂಡಿತ್ಯ ನಿಮಗೆ ಗೊತ್ತೇ ಇದೆ. ಗೌರಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಜೋರಾಗಿ ಅತ್ತಳು. ಆಮೇಲೆ ಮಧುಗಿರಿ ತಲುಪುವವರೆಗೂ, ವರ್ಷವಿಡೀ ಮುಚ್ಚಿಟ್ಟಿದ್ದಕ್ಕೆ ಬಸ್ಸಿನಲ್ಲೇ ಬೈದಳು. ಇಬ್ಬರಿಗೂ ಸಮಾಧಾನವಾಯಿತು.

ನಾಲ್ಕು ತಿಂಗಳಾದ ಮೇಲೆ ರಕ್ತ ನಿಂತು, ಮುದ್ದೆಗೆ ಅನುಮತಿ ಸಿಕ್ಕಿತು. ಗೌರಮ್ಮ ನಿಂಬೆಹಣ್ಣಿನ ಗಾತ್ರದ ಮುದ್ದೆ ಕಟ್ಟಿ ತಂದಳು. ತಟ್ಟೆಗೆ ಹಾಕುವ ಮುಂಚೆ ಮೇಲಿನಿಂದ, ಪಕ್ಕದಿಂದ, ತಳದಿಂದ ಚಿವುಟಿ, ಬೇಯದ ಹಿಟ್ಟಿನ ಗಂಟಿದೆಯೋ ಎಂದು ತಾನೇ ತಿಂದು ನೋಡಿದಳು. "ಮೇಲ್ ಚೆಂದಾಗೈತೆ ಅಂತ ನಂಬಕಾಯ್ತದಾ?" ಎಂದಳು.

ಒಂದು ಕಡೆ ಸಾಲದೇ ಎಂದು ನಾನು ಕೇಳಲಿಲ್ಲ. ಉಳಿದದ್ದನ್ನು ಮುರಿದು ಬಾಯಿಗಿಟ್ಟೆ. ಅಷ್ಟು ಬೇಗ ನುಂಗಿ ಮುಗಿಸಲು ಮನಸ್ಸು ಬರಲಿಲ್ಲ. ಜನ್ಮದಲ್ಲಿ ಮೊದಲ ಸಲ ನಾನು ಮುದ್ದೆಯನ್ನು ಅಗಿದೆ.