ಅಭಾದ ಇಳಿಜಾರಿಗೊಂದು ಬಾಯ್ಲರ್

ಸೌದಿಯ ಬೆಟ್ಟದೂರು ಅಭಾಕ್ಕೆ ಹೋದ ಮೊದಲ ಚಳಿಗಾಲದಲ್ಲೇ ನನ್ನ ಹೆಂಡತಿಯ ಕೈ ಮುರಿಯಿತು. ಎಂಬತ್ತರ ದಶಕದ ನಡುವಿನ ಮಾತು. ಬೆಟ್ಟದ ಮೇಲಿದ್ದ ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಅವಳು ನರ್ಸ್, ನಾನು ಅಲ್ಲಿಯ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್. ಸೌದಿ ಎಂದರೆ ಸುಡುವ ಮರಳು ಎಂದುಕೊಂಡು ಉಡುಪಿಯಿಂದ ತೆಳು ಹತ್ತಿಬಟ್ಟೆಗಳನ್ನಷ್ಟೇ ತಂದಿದ್ದೆವು. ಒಂದು ಸಂಜೆ ಆಲಿಕಲ್ಲು ಸುರಿದು ಅಂಗಳವೆಲ್ಲ ಬೆಳ್ಳಗಾಯಿತು. ಬೆಳಿಗ್ಗೆ ನೋಡಿದರೆ ಆಂಬುಲೆನ್ಸ್ ನಿಲ್ಲುವ ಜಾಗದಿಂದ ಬಾಗಿಲವರೆಗಿನ ಇಳಿಜಾರು ಹೆಪ್ಪುಗಟ್ಟಿ ಗಾಜಿನಂತಾಗಿತ್ತು. ಸ್ಟ್ರೆಚರ್ ಹಿಂದಕ್ಕೆ ಜಾರುವುದನ್ನು ತಡೆಯಲು ಹೋಗಿ ಅವಳೇ ಬಿದ್ದಳು. ಸ್ಟ್ರೆಚರ್ ಮೇಲಿದ್ದ ಮುದುಕಿಗೆ ಏನೂ ಆಗಲಿಲ್ಲ.

ಆಸ್ಪತ್ರೆಯ ಮಾಲೀಕರು ಸೌದಿಯವರು, ಸ್ವತಃ ವೈದ್ಯರು. ಅವಳ ಕೈಗೆ ಪ್ಲಾಸ್ಟರ್ ಸುತ್ತುತ್ತಲೇ ನನ್ನನ್ನು ಕೇಳಿದರು: "ನಾನು ಓದಿದ ಊರಲ್ಲಿ ನೆಲದೊಳಗೆ ಬಿಸಿನೀರು ಹರಿಸಿ ಹಿಮ ಕರಗಿಸುತ್ತಿದ್ದರು. ಇಲ್ಲಿ ಆಗುತ್ತದೆಯೇ?"

"ನೋಡುತ್ತೇನೆ" ಎಂದೆ. ಹಿಮವನ್ನೇ ಕಾಣದವನಿಗೆ ಅದನ್ನು ಕರಗಿಸುವ ಕೆಲಸ!

ಕಾಂಕ್ರೀಟಿನೊಳಗೆ ಕೊಳವೆ ಹೂಳುವುದು ಕಷ್ಟವಿರಲಿಲ್ಲ. ಬಾಯ್ಲರನ್ನು ಎಲ್ಲಿಡುವುದು ಎಂಬುದೇ ತಲೆನೋವಾಯಿತು. ಕಟ್ಟಡದೊಳಗೆ ಜಾಗವಿಲ್ಲ. ಉಳಿದದ್ದು ಜನರೇಟರ್ ಹಿಂದಿನ ತಗಡಿನ ಶೆಡ್ಡು. ಅದರ ಒಂದು ಬದಿಗೆ ಗೋಡೆಯೇ ಇರಲಿಲ್ಲ. ಜಿದ್ದಾದ ವ್ಯಾಪಾರಿ ಒಂದು ಪುಟ್ಟ, ಹೊಳೆಯುವ ಬಾಯ್ಲರನ್ನು ಬಹಳ ಹೊಗಳಿದ. ಬೆಚ್ಚಗಿನ ಕೋಣೆಯಲ್ಲಿಡಲೆಂದೇ ಮಾಡಿದ್ದು ಅದು. ಅದನ್ನು ಬಿಟ್ಟು, ಹೊರಗೆ ಚಳಿಗಾಳಿಯಲ್ಲಿ ನಿಲ್ಲಬಲ್ಲ ದಪ್ಪ ಕಬ್ಬಿಣದ ಡೀಸೆಲ್ ಬಾಯ್ಲರ್ ಹುಡುಕಿದೆ. ಉರಿ ಆರಿಸಿದಾಗ ನೀರು ಒಳಗೇ ಹೆಪ್ಪುಗಟ್ಟಿ ಕೊಳವೆ ಒಡೆಯಬಾರದಲ್ಲ. ಕಾರಿನ ರೇಡಿಯೇಟರಿಗೆ ಹಾಕುವಂಥದೇ ದ್ರವವನ್ನು ನೀರಿಗೆ ಬೆರೆಸುವುದೆಂದು ತೀರ್ಮಾನಿಸಿದೆ. ಇಳಿಜಾರಿನಿಂದ ತಣ್ಣಗಾಗಿ ಮರಳುವ ನೀರು ನೇರವಾಗಿ ಒಳನುಗ್ಗಿದರೆ ಕಬ್ಬಿಣ ಬೆವರಿ ತುಕ್ಕು ಹಿಡಿಯುತ್ತದೆ ಎಂದು, ಅದಕ್ಕೆ ಮೊದಲೇ ಬಿಸಿನೀರು ಸೇರಿಸುವ ವಾಲ್ವನ್ನೂ ನಕ್ಷೆಗೆ ಸೇರಿಸಿದೆ.

ಗಾತ್ರದ ಲೆಕ್ಕವೂ ಮುಗಿಯಿತು ಅಂದುಕೊಂಡಿದ್ದೆ. ಆ ವಾರ ಅಡುಗೆ ನನ್ನ ಪಾಲಿಗಿತ್ತು. ಸೀಮೆಎಣ್ಣೆ ಸ್ಟವ್ ಹಳದಿ ಉರಿ ಕಾರುತ್ತ ಪಾತ್ರೆಯ ತಳವನ್ನೆಲ್ಲ ಕಪ್ಪು ಮಾಡುತ್ತಿತ್ತು.

"ಬತ್ತಿ ಸರಿ ಇಲ್ವಾ ಹೇಗೆ?" ಎಂದೆ.

"ಬತ್ತಿಗೆ ಎಂತ ಆಗಿದೆ? ಹೊಸತು ಅದು," ಎಂದಳು ಹೆಂಡತಿ, ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು. "ನಿಮಗೆ ಮೆಟ್ಟಿಲು ಹತ್ತಿದರೆ ದಮ್ಮು ಬರುದಿಲ್ವಾ ಇಲ್ಲಿ? ಅದಕ್ಕೂ ಹಾಗೇ ಇರ್ಬೇಕು ಮಾರಾಯ್ರೆ."

ಅವಳು ತಮಾಷೆಗೆ ಹೇಳಿದ್ದಳು. ನಾನು ಸೌಟು ಹಿಡಿದು ಹಾಗೆಯೇ ನಿಂತೆ. ಇಷ್ಟು ಎತ್ತರದ ತೆಳುಗಾಳಿಯಲ್ಲಿ ಬಾಯ್ಲರಿನ ಉರಿಯೂ ಸೊರಗುತ್ತದೆ. ನನ್ನ ಲೆಕ್ಕವೆಲ್ಲ ಕಡಲ ಮಟ್ಟದ್ದು. ಮರುದಿನ ಮಾಲೀಕರ ಬಳಿ ಹೋಗಿ ಒಂದು ಗಾತ್ರ ದೊಡ್ಡದು ಬೇಕೆಂದೆ. ಕಾರಣ ಕೇಳಿ ನಕ್ಕರು. "ದೊಡ್ಡದೇ ತರಿಸು. ಯಲ್ಲಾ, ಬೇಗ!"

ಮುಂದಿನ ಚಳಿಗಾಲದ ಒಂದು ಮಧ್ಯಾಹ್ನ ಮೋಡ ಕವಿಯಿತು. ಬಾಯ್ಲರ್ ಹೊತ್ತಿಸಿ, ಕೊಳವೆಗಳನ್ನು ಮುಟ್ಟಿ ಮುಟ್ಟಿ ನೋಡುತ್ತ ಶೆಡ್ಡಿನಲ್ಲೇ ನಿಂತೆ. ಆಲಿಕಲ್ಲು ಬಿತ್ತು. ಅಂಗಳ ಬಿಳಿ, ಕಾರುಗಳ ಮೇಲೆಲ್ಲ ಬಿಳಿ. ಇಳಿಜಾರಿನ ಮೇಲೆ ಬಿದ್ದದ್ದು ಮಾತ್ರ ನೀರಾಗಿ ಹರಿದು, ನೆಲದಿಂದ ಸಣ್ಣಗೆ ಹಬೆ ಎದ್ದಿತು.

"ಇರು, ನಾನು ಮೊದಲು ನಡೆದು ನೋಡ್ತೇನೆ" ಎಂದೆ, ಬಾಗಿಲಿಗೆ ಬಂದ ಹೆಂಡತಿಗೆ.

"ಬಿದ್ದದ್ದು ನಾನು. ನಾನೇ ನೋಡ್ಬೇಕು."

ಅವಳು ಎರಡೂ ಕೈ ಬೀಸುತ್ತ ಕೆಳಗಿಳಿದು, ತಿರುಗಿ ಹತ್ತಿ ಬಂದಳು. ವಾರ್ಡಿನಲ್ಲಿದ್ದ ತಮ್ಮ ಮಗಳನ್ನು ನೋಡಲು ಬಂದಿದ್ದ ಹಳ್ಳಿಯ ಮುದುಕರೊಬ್ಬರು ಬಾಗಿ ನೆಲ ಮುಟ್ಟಿದರು, ಚಪ್ಪಲಿ ಕಳಚಿ ಬರಿಗಾಲಲ್ಲಿ ನಿಂತರು, ಒಳಗಿದ್ದ ತಮ್ಮವರನ್ನೆಲ್ಲ ಕೂಗಿ ಕರೆದರು. ನೋಡುನೋಡುತ್ತಿದ್ದಂತೆ ಇಳಿಜಾರಿನ ತುಂಬ ಕಾಲು ಬೆಚ್ಚಗೆ ಮಾಡಿಕೊಳ್ಳುವ ಜನ. ಆಂಬುಲೆನ್ಸ್ ಬಂದು ಹಾರ್ನ್ ಹೊಡೆದಾಗ, ನನ್ನ ಹೆಂಡತಿ ತನ್ನ ಹರಕು ಅರಬ್ಬಿಯಲ್ಲಿ ಅವರನ್ನೆಲ್ಲ ಗದರಿಸಿ ದಾರಿ ಬಿಡಿಸಬೇಕಾಯಿತು.