ಅಮ್ಮನಿಗೆ ಕೃತ್ತಿಕೆಯ ಫೋಟೋ

1962ರ ಜನವರಿಯಲ್ಲಿ ಒಂಟಿಕೊಪ್ಪಲಿನ ನಮ್ಮ ತಾರಸಿಯಿಂದ ಕೃತ್ತಿಕಾ ನಕ್ಷತ್ರಗಳ ಫೋಟೋ ತೆಗೆದೆ. ಅಮ್ಮನ ಕಣ್ಣಿಗೆ ಪೊರೆ ಬಂದು ಆ ಆರು ಚುಕ್ಕಿಗಳ ಗೊಂಚಲು ಕಾಣದಾಗಿತ್ತು. ದೊಡ್ಡ ಪ್ರಿಂಟ್ ಹಾಕಿಸಿ ತೋರಿಸಬೇಕೆಂದಿದ್ದೆ.

ಎರಡು ಹಲಗೆಗಳನ್ನು ಬಾಗಿಲ ಕೀಲಿನಿಂದ ಜೋಡಿಸಿ ಮೇಲಿನದರ ಮೇಲೆ ಕ್ಯಾಮೆರಾ ಕೂರಿಸಿದ್ದೆ. ಕೀಲನ್ನು ಧ್ರುವ ನಕ್ಷತ್ರದತ್ತ ಇಟ್ಟು, ಮೇಲಿನ ಹಲಗೆಯನ್ನು ಎತ್ತುವ ತಿರುಪನ್ನು ನಿಧಾನವಾಗಿ ತಿರುಗಿಸಿದರೆ ಕ್ಯಾಮೆರಾ ನಕ್ಷತ್ರಗಳ ಜೊತೆಗೇ ಸಾಗುತ್ತದೆ. ಆದರೆ ಮೊದಲ ರೋಲಿನಲ್ಲಿ ಚುಕ್ಕಿಗಳ ಬದಲು ಗೀರುಗಳು ಬಂದವು.

“ಧ್ರುವ ಯಾವುದು ಅಂತ ಹೇಗೆ ಕಂಡುಹಿಡಿದ್ರಿ?” ಎಂದಳು ಹೆಂಡತಿ.

“ನಮ್ಮ ಮದುವೇಲಿ ಪುರೋಹಿತರು ಚಪ್ಪರದ ಮೇಲಕ್ಕೆ ಕೈ ತೋರಿಸಿದ್ರಲ್ಲ, ಅಷ್ಟೇ ಎತ್ತರದಲ್ಲಿ.”

“ಅದು ಮಟಮಟ ಮಧ್ಯಾಹ್ನ ಕಣ್ರೀ! ನಾನೂ ಕಾಣ್ತು ಅಂದ್ಬುಟ್ಟೆ.”

ವರದಿಗಾರನಾದ ನಾನು ಅದನ್ನು ಪರಿಶೀಲಿಸಿರಲಿಲ್ಲ.

ಅಮ್ಮ ನಕ್ಕಳು. “ಪಕ್ಕದ ಮನೆ ಹೆಂಚಿನ ಮೇಲೇ ನೋಡೋ. ನಮ್ಮ ಕಡೆ ಧ್ರುವ ಅಷ್ಟು ಕೆಳಗಿರ್ತಾನೆ.”

ಮರುದಿನ ಸಂಜೆ ಅಲ್ಲಿ ಒಂದು ಮಂಕು ಚುಕ್ಕಿ ಕಂಡಿತು. ಕೀಲನ್ನು ಅದಕ್ಕೆ ಗುರಿಯಿಟ್ಟೆ. ಹೆಂಡತಿ ಗಡಿಯಾರ ನೋಡಿ ಹೇಳಿದಂತೆ ತಿರುಪು ತಿರುಗಿಸಿದೆ.

ಪ್ರಿಂಟ್ ಬಂದ ದಿನ ಅಮ್ಮ ಅದನ್ನು ಕಿಟಕಿಯ ಬೆಳಕಿನಲ್ಲಿ ಕಣ್ಣಿನ ಹತ್ತಿರ ಹಿಡಿದು, ಬೆರಳಿಟ್ಟು ಎಣಿಸಿದಳು. ಆರು ಸಿಕ್ಕವು.