ಹಿಂಬದಿ ಮೆಟ್ಟಿಲಿನ ಕಡತ

ಮುದ್ರಣಾಲಯದಲ್ಲಿ ಆಕೆಗೆ ತಪ್ಪಕ್ಕ ಅಂತಲೇ ಹೆಸರು. ಇಪ್ಪತ್ತಾರು ವರ್ಷದಿಂದ ಕರಡು ತಿದ್ದುವ ಕೆಲಸ. ಶಾಲೆಯ ಪಠ್ಯವಾಗಲಿ, ಔಷಧಿ ಡಬ್ಬಿಯೊಳಗೆ ಮಡಚಿಡುವ ಚೀಟಿಯಾಗಲಿ, ಕೆಂಪು ಪೆನ್ನು ಹಿಡಿದು ಕೂತರೆ ಒಂದು ಕೊಂಬು, ಒಂದು ಒತ್ತು ಆಕೆಯ ಕಣ್ಣು ತಪ್ಪಿಸಿ ಹೋಗುತ್ತಿರಲಿಲ್ಲ. “ಬಿಳಿ ಹಾಳೆ ಕೊಟ್ರೂ ತಪ್ಪಕ್ಕ ಎರಡು ತಪ್ಪು ಹುಡುಕಿಕೊಡ್ತಾರೆ” ಅಂತ ಯಂತ್ರ ನಡೆಸುವವರು ನಗುತ್ತಿದ್ದರು. ಆಕೆಯೂ ನಗುತ್ತಿದ್ದಳು. ಮದುವೆಯಾಗಿರಲಿಲ್ಲ. ತನ್ನವರು ಅಂತ ಇದ್ದವಳು ಒಂಬತ್ತು ವರ್ಷ ಚಿಕ್ಕವಳಾದ ಒಬ್ಬಳು ತಂಗಿ.

ತಂಗಿ ಮಕ್ಕಳ ಆಸ್ಪತ್ರೆಯಲ್ಲಿ ನರ್ಸು. ಗಂಡ ಬಸ್ ಡ್ರೈವರ್. ಮೂರಂತಸ್ತಿನ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದರು. ಮುಂಬಾಗಿಲ ಕಡೆ ಅಂಗಡಿಗಳಿದ್ದದ್ದರಿಂದ ಮನೆಯವರೆಲ್ಲ ಓಡಾಡುತ್ತಿದ್ದದ್ದು ಹಿಂಬದಿಯ ಮೆಟ್ಟಿಲಿನಲ್ಲಿ. ಒಂದು ಬೆಳಿಗ್ಗೆ ಆರೂವರೆಗೆ ತಂಗಿ ಡ್ಯೂಟಿಗೆಂದು ಇಳಿಯುತ್ತಿದ್ದಾಗ ಆ ಮೆಟ್ಟಿಲು, ಅದರ ತಲೆಯ ಮೇಲಿದ್ದ ನೀರಿನ ಟ್ಯಾಂಕಿನ ಸಮೇತ ಕುಸಿಯಿತು. ಅವಳನ್ನು ಹೊರಗೆ ತೆಗೆಯುವುದಕ್ಕೆ ನಾಲ್ಕು ಗಂಟೆ ಹಿಡಿಯಿತು. ಉಸಿರು ಯಾವಾಗಲೋ ನಿಂತಿತ್ತು.

ಕಟ್ಟಡದ ಮಾಲೀಕ ಮನೆಗೆ ಬಂದು ತಲೆ ತಗ್ಗಿಸಿ ಕೂತ. “ಹಳೇ ಕಟ್ಟಡ ಅಮ್ಮಾ. ಅಪ್ಪನ ಕಾಲದ್ದು. ಯಾರ ಕೈಲಿ ಏನಿದೆ ಹೇಳಿ” ಅಂದ. ಪತ್ರಿಕೆಯಲ್ಲಿ ‘ಆಕಸ್ಮಿಕ ಅವಘಡ’ ಅಂತ ಬಂತು. ತಪ್ಪಕ್ಕ ಆ ಎರಡು ಪದವನ್ನು ಮತ್ತೆ ಮತ್ತೆ ಓದಿದಳು. ಅಕ್ಷರವೆಲ್ಲ ಸರಿಯಾಗಿಯೇ ಇತ್ತು.

ಹದಿನೈದು ದಿನ ಕಳೆದ ಮೇಲೆ ನಗರಸಭೆಯ ಕಟ್ಟಡ ವಿಭಾಗಕ್ಕೆ ಹೋಗಿ, “ಆ ಮೆಟ್ಟಿಲಿಗೆ ಯಾರು ಅನುಮತಿ ಕೊಟ್ಟದ್ದು?” ಅಂತ ಕೇಳಿದಳು. ಕಿಟಕಿಯಾಚೆ ಕೂತವನು ತಲೆ ಎತ್ತದೆ, “ಕಡತ ಸಾರ್ವಜನಿಕರೂ ನೋಡಬಹುದು. ಅರ್ಜಿ ಕೊಡಿ. ಗುರುವಾರ ಹನ್ನೊಂದರಿಂದ ಒಂದು ಗಂಟೆ” ಅಂದ.

ರೆಕಾರ್ಡ್ ರೂಮು ನೆಲಮಾಳಿಗೆಯಲ್ಲಿತ್ತು. ಸೂರಿನ ತನಕ ಕಬ್ಬಿಣದ ಕಪಾಟು, ಬಟ್ಟೆಯಲ್ಲಿ ಸುತ್ತಿದ ಕಡತ, ಮೂಲೆಯಲ್ಲಿ ಸೌದೆ ಒಟ್ಟಿದ ಹಾಗೆ ಸುರುಳಿ ಸುತ್ತಿದ ನಕ್ಷೆಗಳು. ಅದನ್ನು ನೋಡಿಕೊಳ್ಳುತ್ತಿದ್ದವರು ನಿವೃತ್ತಿಗೆ ಹತ್ತಿರವಾದ ಗುಮಾಸ್ತರು. ಪೆನ್ನು ತರುವಂತಿಲ್ಲ, ಪೆನ್ಸಿಲ್ ಮಾತ್ರ. ಹಾಳೆಗೆ ಎಂಜಲು ಹಚ್ಚಿ ತಿರುಗಿಸುವಂತಿಲ್ಲ ಅಂತ ಅವರು ಮೊದಲೇ ಹೇಳಿದರು.

ಬಾಗಿಲ ಮೇಲಿದ್ದ ನಂಬರು ನಲವತ್ತೊಂದು. ರಿಜಿಸ್ಟರಿನ ನಲವತ್ತೊಂದು ಒಂದು ಹಿಟ್ಟಿನ ಗಿರಣಿಯದು. ವಾರ್ಡು ಎರಡು ಸಲ ಒಡೆದು ನಂಬರುಗಳೆಲ್ಲ ಬದಲಾಗಿದ್ದವು. ಹೊಸ ನಂಬರಿನಿಂದ ಹಳೆಯದಕ್ಕೆ, ಹಳೆಯದರಿಂದ ಅದಕ್ಕೂ ಹಳೆಯದಕ್ಕೆ ಬೆರಳಿಟ್ಟು ಹುಡುಕುತ್ತಾ ಮೂರು ಗುರುವಾರ ಹೋದವು. ಮೂರನೆಯ ವಾರ ಗುಮಾಸ್ತರೇ ಏಣಿ ಹತ್ತಿ, ಧೂಳು ಕೊಡವಿ, ಒಂದು ಕಟ್ಟು ಇಳಿಸಿದರು.

“ನಿಮ್ಮವರು ಯಾರಾದ್ರೂ…?” ಅಂತ ಅರ್ಧಕ್ಕೆ ನಿಲ್ಲಿಸಿದರು.

“ನನ್ನ ತಂಗಿ.”

ಅವರು ಮೇಜಿನ ದೀಪವನ್ನು ಆಕೆಯ ಕಡೆಗೆ ತಿರುಗಿಸಿದರು.

ಕಡತದಲ್ಲಿ ಎಲ್ಲ ಇತ್ತು. ಮೊದಲು ಮಂಜೂರಾದದ್ದು ಕೆಳಗೊಂದು, ಮೇಲೊಂದು ಅಂತಸ್ತು, ಅಷ್ಟೇ. ಮೆಟ್ಟಿಲು ಕಟ್ಟಡದ ಒಳಗೆ, ನಡುವೆ. ಹನ್ನೊಂದು ವರ್ಷದ ಮೇಲೆ ಆ ಜಾಗಕ್ಕೆ ಅಂಗಡಿ ಬಂತು. ಮೆಟ್ಟಿಲು ಹಿಂದಿನ ಗೋಡೆಗೆ ಹೋಯಿತು. ಅದರ ನಕ್ಷೆ ಇಲ್ಲ. ಆಮೇಲೆ ಮೂರನೆಯ ಅಂತಸ್ತು ಎದ್ದಿತು, ದಂಡ ಕಟ್ಟಿಸಿಕೊಂಡು ಅದನ್ನು ಸಕ್ರಮ ಮಾಡಿದರು. ನೀರಿನ ಟ್ಯಾಂಕಿನ ಹೆಸರು ಯಾವ ಹಾಳೆಯಲ್ಲೂ ಇಲ್ಲ. ಅಪ್ಪನ ಕಾಲದ್ದು ಅಂತ ಮಾಲೀಕ ಅಂದಿದ್ದನಲ್ಲ, ಅಂಗಡಿಯ ಅರ್ಜಿಗೂ ಮೂರನೆಯ ಅಂತಸ್ತಿನ ಅರ್ಜಿಗೂ ಮಗನದೇ ಸಹಿ ಇತ್ತು.

ಕೊನೆಗೆ ದೂರುಗಳ ವಿಭಾಗ. ಅಲ್ಲಿ ಎರಡು ಹಾಳೆಯ ಒಂದು ಪತ್ರ. ಕೈಬರಹ ತಂಗಿಯದು.

ತಪ್ಪಕ್ಕನಿಗೆ ಕೂಡಲೇ ನೆನಪಾಯಿತು. ಸಾಯುವುದಕ್ಕೆ ನಾಲ್ಕು ತಿಂಗಳ ಹಿಂದೆ ಒಂದು ಭಾನುವಾರ ತಂಗಿ ಎರಡು ಹಾಳೆ ಹಿಡಿದು ಬಂದಿದ್ದಳು. “ಅಕ್ಕಾ, ಬಾಡಿಗೆ ಮನೆ ವಿಷಯ. ತಪ್ಪಿದ್ರೆ ತಿದ್ದಿಕೊಡು, ಆಫೀಸಿನೋರು ನಗಬಾರದು.” ಮಾರನೆಯ ದಿನವೇ ಅಚ್ಚಿಗೆ ಹೋಗಬೇಕಾದ ವ್ಯಾಕರಣದ ಪುಸ್ತಕ ಆಕೆಯ ಮೇಜಿನ ಮೇಲಿತ್ತು. ತಂಗಿಯ ಹಾಳೆಗಳ ಮೇಲೂ ಅದೇ ಓಟದಲ್ಲಿ ಪೆನ್ನು ಓಡಿಸಿದ್ದಳು. ‘ಆದಾರ’ ಇದ್ದದ್ದನ್ನು ‘ಆಧಾರ’ ಮಾಡಿದಳು. ‘ಕಾಲಿಟ್ಟರೆ ಮೆಟ್ಟಿಲು ಅಲ್ಲಾಡುತ್ತೆ, ಗೋಡೆಯಲ್ಲಿ ಕೈ ಹೋಗುವಷ್ಟು ಬಿರುಕು, ನಮಗೆ ಹೆದರಿಕೆ ಆಗುತ್ತೆ’ ಅಂತ ತಂಗಿ ಬರೆದಿದ್ದಳು. ಅಧಿಕಾರಿಗಳಿಗೆ ಹೀಗೆಲ್ಲ ಬರೆಯಬಾರದು ಅಂತ ಹೊಡೆದುಹಾಕಿ, ‘ಮೆಟ್ಟಿಲು ಶಿಥಿಲಗೊಂಡಿರುವಂತೆ ಭಾಸವಾಗುತ್ತಿದೆ’ ಅಂತ ಆಕೆಯೇ ಬರೆದುಕೊಟ್ಟಿದ್ದಳು. ವಾಕ್ಯವನ್ನು ತಿದ್ದಿದ್ದಳು, ಅದರ ಒಳಗಿದ್ದದ್ದು ಮನಸ್ಸಿಗೆ ಇಳಿದೇ ಇರಲಿಲ್ಲ. ತಂಗಿ ಮೇಜಿನ ಅಂಚು ಹಿಡಿದು ನಿಂತಿದ್ದು ನೆನಪಿತ್ತು. ಕೂರು ಅಂದಿರಲಿಲ್ಲ.

ತಿದ್ದಿದ್ದನ್ನೆಲ್ಲ ತಂಗಿ ಹಾಗೇ ಹೊಸ ಹಾಳೆಗೆ ಇಳಿಸಿದ್ದಳು. ಪತ್ರದ ಹಿಂದೆ ನಗರಸಭೆಯ ಎಂಜಿನಿಯರ್ ಬರೆದ ಟಿಪ್ಪಣಿ: ‘ಸ್ಥಳ ಪರಿಶೀಲಿಸಲಾಗಿದೆ. ಶಿಥಿಲಗೊಂಡಿರುವಂತೆ ಭಾಸವಾಗುತ್ತಿದೆ ಎಂದು ಮಾತ್ರ ದೂರುದಾರರು ತಿಳಿಸಿದ್ದು, ನಿರ್ದಿಷ್ಟ ಲೋಪ ಹೇಳಿರುವುದಿಲ್ಲ. ಕಡತ ಮುಕ್ತಾಯಗೊಳಿಸಬಹುದು.’

 ಗುಮಾಸ್ತರು ಒಂದು ಲೋಟ ನೀರು ತಂದಿಟ್ಟು, “ಒಂದು ಗಂಟೆಯಾಯ್ತು. ಪರವಾಗಿಲ್ಲ, ಕೂತಿರಿ” ಅಂದರು. ಆಗ ಆಕೆಯ ಕಣ್ಣು ಅಭ್ಯಾಸಬಲದಿಂದ ತಾರೀಕಿನ ಮೇಲೆ ಹೋಯಿತು. ದೂರು ಬಂದದ್ದಕ್ಕೆ ಹಾಕಿದ ಮುದ್ರೆಯಲ್ಲಿ ಹದಿನಾಲ್ಕನೇ ತಾರೀಕು. ಸ್ಥಳ ಪರಿಶೀಲನೆಯ ಕೆಳಗೆ ಅದೇ ತಿಂಗಳ ಹನ್ನೊಂದು.

“ನೋಡಿ ಇದನ್ನ” ಅಂದಳು.

ಗುಮಾಸ್ತರು ಕನ್ನಡಕ ಹಣೆಗೇರಿಸಿ ನೋಡಿದರು. “ದೂರು ಬರೋಕ್ಕೆ ಮೂರು ದಿನ ಮುಂಚೆನೇ ಹೋಗಿ ನೋಡಿ ಬಂದಿದಾನೆ” ಅಂದರು. “ಹೋಗೇ ಇಲ್ಲ ಅಮ್ಮಾ. ಮೆಟ್ಟಿಲು ಬಿದ್ದ ಮೇಲೆ ಇಲ್ಲೇ ಕೂತು ಗೀಚಿರ್ತಾನೆ.” ಮತ್ತೆ ದನಿ ತಗ್ಗಿಸಿ, “ಎಲ್ಲದರ ನಕಲಿಗೂ ಈಗಲೇ ಅರ್ಜಿ ಬರೀರಿ, ಸಂಜೆಯೊಳಗೆ ನಾನೇ ತೆಗೆಸಿಕೊಡ್ತೀನಿ. ನಾಳೆ ಈ ಕಟ್ಟು ಇಲ್ಲೇ ಇರುತ್ತೆ ಅಂತ ನಾನು ಹೇಳಲಾರೆ” ಅಂದರು.

ಆ ಸಂಜೆ ಆಕೆ ತಂಗಿಯ ಗಂಡನನ್ನು ಹುಡುಕಿಕೊಂಡು ಬಸ್ ಡಿಪೋಗೆ ಹೋದಳು. ಅವನು ಪಾಳಿ ಮುಗಿಸಿ ಬೆಂಚಿನ ಮೇಲೆ ಕೂತಿದ್ದ. ಆಕೆ ನಕಲು ಕೊಟ್ಟು ‘ಭಾಸವಾಗುತ್ತಿದೆ’ ಅನ್ನುವಲ್ಲಿ ಬೆರಳಿಟ್ಟಳು.

“ಇದು ಅವಳ ಮಾತಲ್ಲ. ನಾನು ಹಾಕಿದ್ದು.”

ಅವನು ಓದಿದ. ಬೈಯುತ್ತಾನೆ ಅಂದುಕೊಂಡಿದ್ದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

“ಅವಳು ಬರೆದ ದಿನ ನನಗೂ ಓದಿ ಹೇಳಿದ್ಳು ಅಕ್ಕಾ” ಅಂದ. “ಬೇರೆ ಮನೆ ನೋಡೋಣ ಅಂದೆ. ದಿನಾ ಅಂದೆ. ಒಂದು ದಿನಾನೂ ನೋಡೋಕ್ಕೆ ಹೋಗಲಿಲ್ಲ.”

ಬಸ್ಸುಗಳು ಒಂದೊಂದಾಗಿ ಒಳಗೆ ಬಂದು ನಿಂತವು. 

ಆಕೆ ಪತ್ರ, ಟಿಪ್ಪಣಿ, ನಕ್ಷೆ ಎಲ್ಲದರ ನಕಲನ್ನೂ ಅವಘಡದ ತನಿಖೆ ನಡೆಸುತ್ತಿದ್ದ ಪೊಲೀಸ್ ಅಧಿಕಾರಿಗೆ ಕೊಟ್ಟಳು. ತಂಗಿ ಮೊದಲು ಏನು ಬರೆದಿದ್ದಳು, ತಾನು ಹೇಗೆ ಬದಲಾಯಿಸಿದೆ ಅನ್ನುವುದನ್ನೂ ಹೇಳಿಕೆಯಲ್ಲಿ ಬರೆಸಿದಳು. “ಇದನ್ನ ಸೇರಿಸೋದು ಬೇಡ, ಎದುರಿನ ವಕೀಲರು ಇದನ್ನೇ ಹಿಡ್ಕೊಂಡು ಎಳೀತಾರೆ” ಅಂತ ಅಧಿಕಾರಿ ಬುದ್ಧಿ ಹೇಳಿದ. ಆಕೆ ಒಪ್ಪಲಿಲ್ಲ. ಅವನು ಹೇಳಿದ ಹಾಗೆಯೇ ಆಯಿತು. ಸತ್ತವಳ ಸ್ವಂತ ಅಕ್ಕನಿಗೇ ಅಪಾಯ ಕಾಣಿಸಿರಲಿಲ್ಲ ಅಂತ ಮಾಲೀಕನ ವಕೀಲ ವಾದಿಸಿದ. ಆಕೆ ಕಟಕಟೆಯಲ್ಲಿ ನಿಂತು, “ಹೌದು, ಕಾಣಿಸಲಿಲ್ಲ. ನನ್ನ ತಂಗಿಗೆ ಕಾಣಿಸಿತ್ತು” ಅಂದಳು.

ಎಂಜಿನಿಯರ್ ಎಂಟು ತಿಂಗಳು ಅಮಾನತಿನಲ್ಲಿದ್ದು ಬೇರೆ ವಾರ್ಡಿಗೆ ಹೋದ. ಮಾಲೀಕನ ಮೇಲಿನ ಮೊಕದ್ದಮೆ ಇನ್ನೂ ಎಳೆಯುತ್ತಿದೆ. ಕಟ್ಟಡಕ್ಕೆ ಮಾತ್ರ ಬೇಗ ಬೀಗ ಬಿತ್ತು. ಮೆಟ್ಟಿಲು ಬಿದ್ದ ಮೇಲೂ ಕಬ್ಬಿಣದ ಏಣಿ ಹಾಕಿಕೊಂಡು ಅಲ್ಲೇ ಇದ್ದ ಐದು ಮನೆಯವರು ಒಂದು ವಾರದಲ್ಲಿ ಗಂಟುಮೂಟೆ ಕಟ್ಟಬೇಕಾಯಿತು. ತಂಗಿಯ ಎದುರು ಮನೆಯಾಕೆ ಗ್ಯಾಸ್ ಒಲೆ ಹೊತ್ತುಕೊಂಡು ಹೋಗುವಾಗ ತಪ್ಪಕ್ಕನನ್ನು ನೋಡಿ ನಿಂತಳು.

“ನಿಮಗೆ ನ್ಯಾಯ ಸಿಕ್ತಾ?”

“ಇಲ್ಲ.”

“ನಮ್ಮ ಮನೆ ಹೋಯ್ತು” ಅಂದು ಮುಂದೆ ನಡೆದಳು.

ಬೇಸಿಗೆಯಲ್ಲಿ ಕಟ್ಟಡ ಉರುಳಿಸಿದರು. ಅದೇ ಜಾಗದಲ್ಲಿ ಐದಂತಸ್ತು ಕಟ್ಟಲು ಅನುಮತಿ ಕೇಳಿ ಮಾಲೀಕನ ಅಳಿಯ ಅರ್ಜಿ ಹಾಕಿದ್ದಾನೆ. ಆಕ್ಷೇಪಣೆಗೆ ಮೂವತ್ತು ದಿನ ಅಂತ ನಗರಸಭೆಯ ಗೋಡೆಗೆ ನೋಟಿಸು ಅಂಟಿಸಿದ್ದರು. ಆ ಗುರುವಾರ ತಂಗಿಯ ಗಂಡ ಪಾಳಿ ಬದಲಾಯಿಸಿಕೊಂಡು ಬಂದ. ಇಬ್ಬರೂ ನೆಲಮಾಳಿಗೆಗೆ ಇಳಿದರು. ಗುಮಾಸ್ತರು ನಿವೃತ್ತರಾಗಿದ್ದರು, ಹೊಸಬಳೊಬ್ಬಳು ಹೊಸ ಕಟ್ಟಡದ ನಕ್ಷೆ ಬಿಚ್ಚಿ ನಾಲ್ಕು ಮೂಲೆಗೂ ಭಾರ ಇಟ್ಟುಕೊಟ್ಟಳು.

“ಮೆಟ್ಟಿಲು ಯಾವುದು ಅಕ್ಕಾ?” ಅಂತ ಅವನು ಕೇಳಿದ. ಆಕೆ ತೋರಿಸಿದಳು. ಅವನು ಬಗ್ಗಿ, ಕೆಳಗಿನ ಅಂತಸ್ತಿನಿಂದ ಶುರುಮಾಡಿ, ಮೆಟ್ಟಿಲಿಗೊಂದರಂತೆ ಎಳೆದಿದ್ದ ಗೆರೆಗಳನ್ನು ಒಂದೊಂದೇ ಎಣಿಸತೊಡಗಿದ.